ದೊಡ್ಡ ಬೋರಿನ ಪಿಸ್ತೂಲು ಕೊಳ್ಳುವ ಮೊದಲು: ಕರಾವಳಿಯ ಲೈಸೆನ್ಸ್‌ದಾರರಿಗೊಂದು ಮಾರ್ಗದರ್ಶಿ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ಬ್ರಹ್ಮಾವರದ ಕಡೆಯ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಅವರದು ಗೇರುಬೀಜದ ವ್ಯಾಪಾರ. ಸೀಸನ್ನಿನಲ್ಲಿ ನಗದು ಹಿಡಿದುಕೊಂಡು ಘಟ್ಟ ಹತ್ತಿ ಇಳಿಯಬೇಕಾಗುತ್ತದೆ. ಪಿಸ್ತೂಲಿನ ಲೈಸೆನ್ಸ್ ಆಗಷ್ಟೇ ಮಂಜೂರಾಗಿತ್ತು. ಮೊಬೈಲ್ ತೆಗೆದು ಒಂದು ಹಳೆಯ .45 ಕೋಲ್ಟ್ ಪಿಸ್ತೂಲಿನ ಫೋಟೊ ತೋರಿಸಿದರು. ಬೋರ್ ಅಂದರೆ ನಳಿಗೆಯ ಒಳಗಿನ ಅಗಲ; .45 ಅಂದರೆ ಇಂಚಿನ ನೂರರಲ್ಲಿ 45 ಭಾಗ.

“ತಗೊಳ್ಳುವುದಾದರೆ ದೊಡ್ಡ ಬೋರಿನದ್ದೇ ತಗೊಳ್ಳುವ ಅಂತ ಉಂಟು ಮಾರಾಯ್ರೆ. ನಾಳೆ ಅಡ್ವಾನ್ಸ್ ಕೊಡಬೇಕು. ನೀವೊಮ್ಮೆ ನೋಡಿ ಹೇಳಿ.”

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಆಯುಧ ಬಿಚ್ಚಿ, ಒರೆಸಿ, ರಿಪೇರಿ ಮಾಡಿ ಹಿಂದಕ್ಕೆ ಕೊಡುವುದೇ ಇಪ್ಪತ್ತು ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ಊರಿನವರು ಕೋವಿ, ಪಿಸ್ತೂಲು ಅಂದರೆ ನಮ್ಮ ಮನೆಗೆ ಬರುತ್ತಾರೆ. ನಾನು ಅವರಿಗೆ ನಾಲ್ಕು ಪ್ರಶ್ನೆ ಕೇಳಿದೆ. ಇದರ ತೋಟೆ ನಿಮಗೆ ಎಲ್ಲಿ ಸಿಗುತ್ತದೆ? ಮ್ಯಾಗಜೀನ್, ಅಂದರೆ ತೋಟೆ ತುಂಬುವ ಡಬ್ಬಿ, ಎಷ್ಟು ಕೊಡುತ್ತಾರೆ? ಈ ಬೋರ್ ನಿಮ್ಮ ಲೈಸೆನ್ಸಿಗೆ ಸಲ್ಲುತ್ತದೆ ಅಂತ ಅಧಿಕಾರಿಗಳು ಬರೆದುಕೊಟ್ಟಿದ್ದಾರಾ? ಯಾರಾದರೂ ಇದನ್ನು ಹಾರಿಸಿದ್ದನ್ನು ಕಣ್ಣಾರೆ ನೋಡಿದ್ದೀರಾ? ನಾಲ್ಕಕ್ಕೂ ಅವರಲ್ಲಿ ಉತ್ತರ ಇರಲಿಲ್ಲ. ಅಡ್ವಾನ್ಸ್ ಮಾತ್ರ ಸಿದ್ಧವಾಗಿತ್ತು.

ಆವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಂಬಿಕೆಯ ಪಿಸ್ತೂಲು ಎಂದರೆ ಎಷ್ಟು ದೊಡ್ಡ ಗುಂಡು ಹಾರಿಸುತ್ತದೆ ಎಂಬ ಲೆಕ್ಕ ಅಲ್ಲ. ಪಿಸ್ತೂಲು, ಮ್ಯಾಗಜೀನು, ತೋಟೆ, ಹಿಡಿಯುವ ಕೈ – ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಒಂದು ಕೈಕೊಟ್ಟರೂ ಉಳಿದ ಮೂರು ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಮೊದಲು ಕಾಗದ

ಹಣದ ಮಾತು ಎತ್ತುವ ಮೊದಲು ಲೈಸೆನ್ಸ್ ಕೈಯಲ್ಲಿ ಹಿಡಿದು ಪೂರ್ತಿ ಓದಿ. ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ಇರುವವರಿಗೆ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ದಕ್ಷಿಣ ಕನ್ನಡದ ಉಳಿದ ಭಾಗದವರಿಗೆ, ಹಾಗೆಯೇ ಉಡುಪಿ ಜಿಲ್ಲೆಯವರಿಗೆ ಜಿಲ್ಲಾಧಿಕಾರಿ. ಉಡುಪಿಯವರಾದರೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಬೇಕು. ಅರ್ಜಿ ಹಾಕಿದ ಮೇಲೆ ಕಡತ ನಿಮ್ಮ ಠಾಣೆಗೆ ಹೋಗಿ, ಅಲ್ಲಿಂದ ವರದಿ ಬಂದು, ಆಮೇಲೆ ತೀರ್ಮಾನ ಆಗುತ್ತದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ ಬಂದ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ತೋಟಕ್ಕೆಂದು ಆಗಲೇ ಎರಡು ಕೋವಿ ಇರುವ ಮನೆಯವರು ಇದನ್ನು ಗಮನಿಸಬೇಕು. ಪಿಸ್ತೂಲು ಸೇರಿಸಬೇಕಾದರೆ ಒಂದು ಕೋವಿ ಬಿಡಬೇಕು.

ಇನ್ನು ಬೋರ್ ವಿಚಾರ. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್, ನಿಷೇಧಿತವಲ್ಲದ ಬೋರ್ ಎಂದು ಎರಡು ಬಗೆ ಉಂಟು. ಅಂಗಡಿಯವರು ಪಿಬಿ, ಎನ್‌ಪಿಬಿ ಅನ್ನುವುದು ಇದನ್ನೇ. ಸಿನಿಮಾದಲ್ಲಿ ನೋಡುವ, ಪೊಲೀಸರ ಸೊಂಟದಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರ್. ಸೇನೆಯಲ್ಲಿ ನನ್ನ ಕೈಯಲ್ಲಿ ದಿನವೂ ಇರುತ್ತಿದ್ದ ಇಛಾಪುರದ 9 ಮಿ.ಮೀ. 1ಎ ಪಿಸ್ತೂಲನ್ನು ನಿವೃತ್ತನಾದ ಮೇಲೆ ನಾನು ಕೊಳ್ಳುವ ಹಾಗಿಲ್ಲ. .380 ಮತ್ತು .455 ರಿವಾಲ್ವರ್ ತೋಟೆ ಹಾರಿಸುವ ಆಯುಧಗಳೂ ಇದೇ ಪಟ್ಟಿಯಲ್ಲಿವೆ. ನಿಷೇಧಿತ ಬೋರಿನ ಲೈಸೆನ್ಸ್ ಜಿಲ್ಲೆಯಲ್ಲಿ ಸಿಗುವುದಿಲ್ಲ, ದೆಹಲಿಯ ಗೃಹ ಸಚಿವಾಲಯಕ್ಕೇ ಹೋಗಬೇಕು. ಲೈಸೆನ್ಸ್ ಇಲ್ಲದೆ ಅಂಥದ್ದನ್ನು ಇಟ್ಟುಕೊಂಡು ಸಿಕ್ಕಿಬಿದ್ದರೆ 7ರಿಂದ 14 ವರ್ಷದವರೆಗೆ ಜೈಲು.

.45 ಪಿಸ್ತೂಲು ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಅಂಗಡಿಯವರ ಮಾತೂ ಸಾಲದು, ಹಳೆಯ ಮಾಲೀಕರ ಮಾತೂ ಸಾಲದು, ನನ್ನ ಮಾತೂ ಸಾಲದು. ಪಿಸ್ತೂಲಿನ ತಯಾರಕರ ಹೆಸರು, ಮಾಡೆಲ್, ಬೋರ್, ನಂಬರ್ ಬರೆದು ನಿಮ್ಮ ಲೈಸೆನ್ಸಿಂಗ್ ಅಧಿಕಾರಿಗೆ ಅರ್ಜಿ ಕೊಡಿ. ಇದು ನನ್ನ ಲೈಸೆನ್ಸಿಗೆ ಸಲ್ಲುತ್ತದೆಯೇ ಎಂದು ಲಿಖಿತ ಉತ್ತರ ಪಡೆಯಿರಿ. ಸ್ವೀಕೃತಿಯ ಸೀಲು ಬಿದ್ದ ಪ್ರತಿಯನ್ನು ಜೋಪಾನವಾಗಿಡಿ. ಉತ್ತರ ಬರುವವರೆಗೆ ಒಂದು ರೂಪಾಯಿಯೂ ಕೈದಾಟಬಾರದು.

ಖಾಸಗಿಯವರಿಂದ ಕೊಳ್ಳುವುದಾದರೆ ಮತ್ತೊಂದು ನಿಯಮ ಉಂಟು. ಮಾರುವವರು ಯಾರಿಗೆ ಮಾರುತ್ತೇನೆ ಎಂದು ಹೆಸರು ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. “ಇವತ್ತು ತಗೊಂಡು ಹೋಗಿ, ಕಾಗದ ಆಮೇಲೆ ನೋಡುವ” ಎಂದು ಹೇಳಿದವರ ಮನೆಯಿಂದ ತಕ್ಷಣ ಎದ್ದು ಬನ್ನಿ.

ದೊಡ್ಡ ಬೋರ್ ನಿಜಕ್ಕೂ ಏನು ಕೊಡುತ್ತದೆ

ಲೆಕ್ಕ ಮುಂದಿಟ್ಟುಕೊಂಡು ಮಾತಾಡೋಣ. ನಮ್ಮಲ್ಲಿ ಸಾಮಾನ್ಯ ಲೈಸೆನ್ಸ್‌ದಾರರ ಕೈಯಲ್ಲಿ ಇರುವುದು .32 ಪಿಸ್ತೂಲು, ಅಂದರೆ 7.65 ಮಿ.ಮೀ. ಅದರ ಗುಂಡಿನ ತೂಕ ಸುಮಾರು 4.6 ಗ್ರಾಂ, ನಳಿಗೆಯ ಬಾಯಲ್ಲಿ ಸೆಕೆಂಡಿಗೆ ಸುಮಾರು 275 ಮೀಟರ್ ವೇಗ, ಶಕ್ತಿ 170 ಜೂಲ್‌ನ ಆಸುಪಾಸು. .45ರ ಗುಂಡು ಸುಮಾರು 15 ಗ್ರಾಂ, ವೇಗ 255 ಮೀಟರ್ ಹತ್ತಿರ, ಶಕ್ತಿ 480 ಜೂಲ್. ಹೆಚ್ಚು ಕಡಿಮೆ ಮೂರು ಪಟ್ಟು. ಈ ವ್ಯತ್ಯಾಸ ಸುಳ್ಳಲ್ಲ.

ಆದರೆ ಮೂರು ಪಟ್ಟು ಶಕ್ತಿಗೆ ತಕ್ಕ ಹಾಗೆ ಹಿನ್ನೊದೆತವೂ ಏರುತ್ತದೆ. ಉಕ್ಕಿನ .45 ಪಿಸ್ತೂಲು ಖಾಲಿ ಇದ್ದಾಗಲೇ 1.1 ಕಿಲೊ ತೂಗುತ್ತದೆ. ಅಂಗಿಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡು ಏಪ್ರಿಲ್ ಸೆಕೆಯಲ್ಲಿ ಕಾರ್ಕಳದಿಂದ ಶಿವಮೊಗ್ಗಕ್ಕೆ ಕಾರು ಓಡಿಸಿ ನೋಡಿ, ಎರಡನೇ ದಿನ ಅದು ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಮುಖ್ಯವಾದ ಮಾತು ಇನ್ನೊಂದು. ವರ್ಷಕ್ಕೊಮ್ಮೆ ಐದು ತೋಟೆ ಹಾರಿಸುವ ಕೈಗೆ ದೊಡ್ಡ ಬೋರ್ ಒಗ್ಗುವುದಿಲ್ಲ. ಶಬ್ದಕ್ಕೆ, ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲೇ ಕೈ ಕೆಳಗೆ ಬಾಗುತ್ತದೆ, ಗುಂಡು ನೆಲಕ್ಕೆ ಹೋಗುತ್ತದೆ. ರೇಂಜಿನಲ್ಲಿ ಗಟ್ಟಿಮುಟ್ಟು ಜವಾನರಲ್ಲೂ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ತಪ್ಪಿದ ಗುಂಡು ಎಲ್ಲಿ ಹೋಗಿ ನಿಂತರೂ ಅದಕ್ಕೆ ಹೊಣೆ ನೀವೇ.

ಬಾಳಿಕೆಯ ವಿಷಯದಲ್ಲಿ .45 ಕೋಲ್ಟಿನ ಹೆಸರು ಸುಮ್ಮನೆ ಬಂದದ್ದಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ಆ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಪರೀಕ್ಷೆಗೆ ಒಡ್ಡಿ 6,000 ತೋಟೆ ಹಾರಿಸಿತು. ಕಾದಾಗ ನೀರಲ್ಲಿ ಅದ್ದಿ ಮತ್ತೆ ಹಾರಿಸಿದರು. ಅದು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ ಎಂದು ದಾಖಲೆ ಹೇಳುತ್ತದೆ. 1985ರವರೆಗೆ ಅದೇ ಆ ಸೇನೆಯ ಪಿಸ್ತೂಲಾಗಿತ್ತು. ಆದರೆ ಅಂದು ಪರೀಕ್ಷೆಗೆ ಇಟ್ಟದ್ದು ಹೊಸ ಪಿಸ್ತೂಲು, ಹೊಸ ಮ್ಯಾಗಜೀನು, ಹೊಸ ತೋಟೆ. ನಿಮಗೆ ತೋರಿಸುತ್ತಿರುವುದು ಯಾವುದು ಎಂಬುದನ್ನು ನೋಡಬೇಕಲ್ಲ? ಖಾಸಗಿಯವರು ವಿದೇಶಿ ಪಿಸ್ತೂಲು ತರುವುದು 1980ರ ದಶಕದ ನಡುವಿನಲ್ಲೇ ಹೆಚ್ಚು ಕಡಿಮೆ ನಿಂತುಹೋಯಿತು. ಹೆಸರಾಂತ ಶೂಟರ್‌ಗಳಿಗೆ ಮಾತ್ರ ರಿಯಾಯಿತಿ ಉಂಟು. ಹಾಗಾಗಿ ಇಂದು ಮಾರಾಟಕ್ಕೆ ಬರುವ ದೊಡ್ಡ ಬೋರಿನ ವಿದೇಶಿ ಪಿಸ್ತೂಲು ಬಹುತೇಕ ನಾಲ್ಕೈದು ದಶಕ ಹಳೆಯದು, ಮೂರು ನಾಲ್ಕು ಕೈ ದಾಟಿ ಬಂದದ್ದು. ಬೆಲೆ ಮಾತ್ರ ಒಂದು ಕಾರಿನಷ್ಟು.

ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ. ಮನೆಯ ರಕ್ಷಣೆಗೆ, ಪ್ರಯಾಣಕ್ಕೆ ಎಂದು ಕೊಳ್ಳುವ ಹತ್ತರಲ್ಲಿ ಒಂಬತ್ತು ಜನರಿಗೆ ಕಾರ್ಖಾನೆಯಿಂದ ಹೊಸದಾಗಿ ಬಂದ .32 ಸಾಕು. ಇಛಾಪುರ ರೈಫಲ್ ಫ್ಯಾಕ್ಟರಿಯ ‘ಅಶನಿ’ ಆ ಬಗೆಯದು. ಅಶನಿ ಅಂದರೆ ಸಿಡಿಲು, ಹೆಸರು ಚೆನ್ನಾಗಿದೆ. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿಗಳೆಲ್ಲ ಏಳು ಕಂಪನಿಗಳಾಗಿ ಒಡೆದ ಮೇಲೆ ಪಿಸ್ತೂಲು ಒಂದು ಕಂಪನಿಗೆ, ತೋಟೆ ಇನ್ನೊಂದು ಕಂಪನಿಗೆ ಸೇರಿದವು. ದೊಡ್ಡ ಬೋರ್ ಯಾರಿಗೆ? ಹಿರಿಯರಿಂದ ಬಂದದ್ದು ಮನೆಯಲ್ಲಿ ಇರುವವರಿಗೆ, ಅಥವಾ ರೇಂಜಿಗೆ ತಪ್ಪದೆ ಹೋಗುವವರಿಗೆ. ಹಂದಿ ಓಡಿಸಲು ದೊಡ್ಡ ಬೋರಿನ ಪಿಸ್ತೂಲು ಬೇಕು ಎಂದು ಒಬ್ಬರು ಕೇಳಿದ್ದರು. ಪಿಸ್ತೂಲು ತೋಟದ ಆಯುಧವೇ ಅಲ್ಲ.

ತೋಟೆ ಸಿಗುತ್ತದೆಯೇ ನೋಡಿ, ಆಮೇಲೆ ಪಿಸ್ತೂಲು

ಸ್ಕೂಟರ್ ಕೊಳ್ಳುವ ಮೊದಲು ಪೆಟ್ರೋಲ್ ಸಿಗುತ್ತದಾ ಎಂದು ನಾವು ಯೋಚಿಸುವುದಿಲ್ಲ. ಪಿಸ್ತೂಲಿನಲ್ಲಿ ಯೋಚಿಸಲೇಬೇಕು. ನಿಮ್ಮ ಲೈಸೆನ್ಸ್ ತೆಗೆದುಕೊಂಡು ಅಧಿಕೃತ ಡೀಲರ್ ಬಳಿ ಹೋಗಿ, ಈ ಬೋರಿನ ತೋಟೆ ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಂತು ಎಂದು ಕೇಳಿ. ‘ತರಿಸಿಕೊಡುವ’ ಎಂಬುದು ಉತ್ತರವಲ್ಲ. ಹಳೆಯ ಮಾಲೀಕರು ಪಿಸ್ತೂಲಿನ ಜೊತೆ ಕೊಡುವ ತೋಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂವತ್ತು ವರ್ಷ ಕರಾವಳಿಯ ತೇವದಲ್ಲಿ ಮಲಗಿದ ತೋಟೆಯ ತಳದಲ್ಲಿ ಹಸಿರು ಕಿಲುಬು ಕಾಣಿಸಿದರೆ ಅದನ್ನು ಹಾರಿಸಲೇಬೇಡಿ. ಮದ್ದು ಅರ್ಧ ಉರಿದರೆ ಗುಂಡು ನಳಿಗೆಯ ಒಳಗೇ ನಿಲ್ಲುತ್ತದೆ. ಹಿಂದಿನಿಂದ ಮತ್ತೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಹಾರಿಸುವಾಗ ಯಾವತ್ತಿನ ಶಬ್ದ ಬಾರದೆ ‘ಪುಸ್’ ಎಂದರೆ ಅಲ್ಲೇ ನಿಲ್ಲಿಸಿ ನಳಿಗೆ ನೋಡಬೇಕು.

ಇನ್ನೊಂದು ಗೊಂದಲ ನಮ್ಮಲ್ಲಿ ಬಹಳ ಉಂಟು. ಲೈಸೆನ್ಸಿನಲ್ಲಿ ಬರೀ ‘.32’ ಎಂದಿರುತ್ತದೆ. ಆದರೆ .32 ರಿವಾಲ್ವರ್ ತೋಟೆ ಬೇರೆ, .32 ಪಿಸ್ತೂಲ್ ತೋಟೆ ಬೇರೆ. ರಿವಾಲ್ವರ್ ತೋಟೆ ಉದ್ದ, ಅದರ ಬುಡದಲ್ಲಿ ಬಳೆಯ ಹಾಗೆ ಅಗಲವಾದ ಅಂಚು ಇರುತ್ತದೆ. ಪಿಸ್ತೂಲ್ ತೋಟೆ ಗಿಡ್ಡ, ಅಂಚು ಇದೆಯೋ ಇಲ್ಲವೋ ಎನ್ನುವಷ್ಟು ಕಿರಿದು. ಪೆಟ್ಟಿಗೆಯ ಮೇಲಿನ ಅಕ್ಷರ ಓದಿ, ಒಂದು ತೋಟೆ ತೆಗೆದು ನೋಡಿ, ಆಮೇಲೆ ಬಿಲ್ ಮಾಡಿಸಿ.

ಆ ಕಿರಿದಾದ ಅಂಚಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ‘ಒಳ್ಳೆಯ ಪಿಸ್ತೂಲು, ಆದರೂ ಸಿಕ್ಕಿಕೊಳ್ಳುತ್ತದೆ’ ಎಂದು ನನ್ನ ಬಳಿ ಬರುವ .32ಗಳಲ್ಲಿ ಹಲವಕ್ಕೆ ಅದೇ ಕಾರಣ. ತೋಟೆಯ ಬುಡದ ಅಂಚು ಮೈಗಿಂತ ಸುಮಾರು ಅರ್ಧ ಮಿ.ಮೀ. ಅಗಲ. ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ತೋಟೆ ಕೂತಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಮೇಲಿನದು ಹಿಂದಕ್ಕೆ ಜಾರಿ ಕೆಳಗಿನದರ ಅಂಚಿನ ಹಿಂದೆ ಕೂತರೆ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಅದನ್ನು ಮುಂದಕ್ಕೆ ತಳ್ಳುವಾಗ ಕೆಳಗಿನದು ತಡೆಯುತ್ತದೆ. ಎರಡು ಕೊಕ್ಕೆ ಒಂದಕ್ಕೊಂದು ಸಿಕ್ಕಿದ ಹಾಗೆ. ಸ್ಲೈಡ್ ಎಷ್ಟು ಎಳೆದರೂ ಬಿಡುವುದಿಲ್ಲ, ಮ್ಯಾಗಜೀನ್ ತೆಗೆದು ಬೆರಳಲ್ಲೇ ಬಿಡಿಸಬೇಕು. ಇದನ್ನು ತಪ್ಪಿಸಲು ಒಂದೊಂದೇ ತೋಟೆಯನ್ನು ಮುಂದಿನಿಂದ ಒತ್ತಿ ಹಿಂದಕ್ಕೆ ಪೂರ್ತಿ ಜಾರಿಸುತ್ತಾ ತುಂಬಿ. ಪ್ರತಿ ಬಾರಿ ಮೇಲಿನದರ ಅಂಚು ಕೆಳಗಿನದರ ಮುಂದೆ ಇದೆಯೇ ಎಂದು ಪಕ್ಕದ ರಂಧ್ರದಲ್ಲಿ ನೋಡಿ. ತುದಿ ಗುಂಡಗಿರುವ, ಪೂರ್ತಿ ತಾಮ್ರದ ಹೊದಿಕೆಯ ಮಾಮೂಲು ತೋಟೆಯನ್ನೇ ಬಳಸಿ. ಉದ್ದ ಕಡಿಮೆ ಇರುವ ತೋಟೆಗಳು ಮ್ಯಾಗಜೀನಿನಲ್ಲಿ ಹಿಂದೆ ಮುಂದೆ ಓಲಾಡುತ್ತವೆ, ಆಗಲೇ ಈ ತೊಂದರೆ ಜಾಸ್ತಿ. .45ರಲ್ಲಿ ಈ ಅಂಚು ಇಲ್ಲ, ಆ ಮಟ್ಟಿಗೆ ಅದರ ಹಾದಿ ಸಲೀಸು.

ಹಳೆಯ ಪಿಸ್ತೂಲನ್ನು ಮೇಜಿನ ಮೇಲಿಟ್ಟು ನೋಡುವಾಗ

ಹಗಲು ಹೊತ್ತಿನಲ್ಲೇ ಹೋಗಿ. ಒಂದು ಸಣ್ಣ ಟಾರ್ಚ್, ಬಿಳಿ ಕಾಗದದ ಚೂರು, ಸರಿಯಾದ ಸ್ಕ್ರೂಡ್ರೈವರ್, ಆ ಬೋರಿನ ನಾಲ್ಕೈದು ಡಮ್ಮಿ (ಮದ್ದಿಲ್ಲದ) ತೋಟೆ ಜೊತೆಗಿರಲಿ. ಮಾರುವವರು ಎದುರಿಗೇ ಇರಬೇಕು. ಕೈಗೆ ತೆಗೆದುಕೊಂಡ ಕೂಡಲೇ ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಎಳೆದು ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಗೂಡು) ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿ ನೋಡಿ. ಈ ಕ್ರಮ ಮುಖ್ಯ: ಮ್ಯಾಗಜೀನ್ ಮೊದಲು, ಚೇಂಬರ್ ಆಮೇಲೆ. ತಿರುವು ಮುರುವು ಮಾಡಿದರೆ ಸ್ಲೈಡ್ ಮುಂದೆ ಹೋಗುವಾಗ ಹೊಸ ತೋಟೆಯನ್ನು ಚೇಂಬರಿಗೆ ತಳ್ಳುತ್ತದೆ, ನೀವು ಖಾಲಿ ಎಂದುಕೊಳ್ಳುತ್ತೀರಿ. ‘ಖಾಲಿ ಪಿಸ್ತೂಲಿನಿಂದ’ ಆಗುವ ದುರಂತಗಳು ಆಗುವುದು ಹೀಗೆ.

ನಂಬರ್ ನೋಡಿ. ಲೈಸೆನ್ಸಿನಲ್ಲಿರುವ ನಂಬರೂ ಪಿಸ್ತೂಲಿನ ಮೈಮೇಲಿನ ನಂಬರೂ ಒಂದೊಂದು ಅಂಕಿಯೂ ತಾಳೆಯಾಗಬೇಕು. ಅಂಕಿಗಳ ಸುತ್ತ ಅರ ಹಾಕಿದ ಗುರುತು, ಹೊಸದಾಗಿ ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ಕಡುನೀಲಿ ಬಣ್ಣ) ಮಾಡಿದ ತೇಪೆ ಕಂಡರೆ ಮುಟ್ಟಬೇಡಿ. ನಳಿಗೆಯ ಮೇಲೆ ಪ್ರೂಫ್ ಗುರುತು, ಅಂದರೆ ಒತ್ತಡದ ಪರೀಕ್ಷೆಯಲ್ಲಿ ಪಾಸಾದ ಮುದ್ರೆ, ಇರಬೇಕು.

ಚೇಂಬರಿನ ಹಿಂದೆ ಬಿಳಿ ಕಾಗದ ಇಟ್ಟು ಟಾರ್ಚ್ ಬೆಳಕು ಹಾಕಿ, ನಳಿಗೆಯ ಬಾಯಿಂದ ನೋಡಿ. ಸುರುಳಿ ಗೆರೆಗಳು ಕನ್ನಡಿಯ ಹಾಗೆ ಹೊಳೆಯಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ತುಕ್ಕು ತಿಂದಿದೆ ಎಂದರ್ಥ; ಚುಕ್ಕೆ ಚೇಂಬರಿನಲ್ಲೇ ಇದ್ದರೆ ಹಾರಿದ ತೋಟೆಯ ಖಾಲಿ ಕೋಶ ಅಂಟಿಕೊಂಡು ಹೊರಬಾರದೆ ತೊಂದರೆ ಕೊಡುತ್ತದೆ. ಅಡ್ಡಕ್ಕೆ ಉಂಗುರದಂಥ ನೆರಳು ಕಂಡರೆ ಆ ನಳಿಗೆ ಒಮ್ಮೆ ಉಬ್ಬಿದೆ. ಚೌಕಾಶಿ ಬೇಡ, ವಾಪಸ್ ಕೊಟ್ಟುಬಿಡಿ.

ಆಮೇಲೆ, ಮಾರುವವರ ಒಪ್ಪಿಗೆ ಪಡೆದು, ಹಿಡಿಯ ಎರಡು ಪಟ್ಟಿಗಳ ಸ್ಕ್ರೂ ಬಿಚ್ಚಿಸಿ. ಇದನ್ನು ಯಾರೂ ಮಾಡುವುದಿಲ್ಲ, ನಾನು ಮೊದಲು ನೋಡುವುದೇ ಇದನ್ನು. ನಮ್ಮ ಊರಿನ ಬೆವರು, ಕಡಲಿನ ಉಪ್ಪುಗಾಳಿ ಎರಡೂ ಹೋಗಿ ಕೂರುವ ಜಾಗ ಅದು. ಬ್ರಹ್ಮಾವರದವರು ಫೋಟೊ ತೋರಿಸಿದ ಆ ಪಿಸ್ತೂಲನ್ನು ಕೊನೆಗೆ ನಾವಿಬ್ಬರೂ ಹೋಗಿ ನೋಡಿದೆವು. ಹೊರಗೆ ಸ್ಲೈಡು ಹೊಸ ಬ್ಲೂಯಿಂಗಿನಲ್ಲಿ ನೇರಳೆ ಹಣ್ಣಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಬಲಗಡೆಯ ಮರದ ಪಟ್ಟಿ ತೆಗೆದರೆ, ಒಳಗಿನ ಉಕ್ಕು ಹಳೆಯ ಕತ್ತಿಯ ಹಾಗೆ ಪದರ ಪದರವಾಗಿ ಎದ್ದಿತ್ತು. ಉಗುರು ತಾಗಿಸಿದರೆ ಇಟ್ಟಿಗೆ ಬಣ್ಣದ ಪುಡಿ ಮೇಜಿನ ಮೇಲೆ ಉದುರಿತು. ಜೊತೆಗಿದ್ದದ್ದು ಒಂದೇ ಮ್ಯಾಗಜೀನ್, ಅದರ ತುಟಿ ಒಂದು ಕಡೆ ಸೊಟ್ಟ. ಅವರು ಮಾತಾಡದೆ ಫೋನು ಜೇಬಿಗೆ ಹಾಕಿಕೊಂಡರು.

ಮ್ಯಾಗಜೀನಿನ ಬಗ್ಗೆ ನನಗೆ ಪಕ್ಷಪಾತ ಉಂಟು ಎಂದರೂ ಪರವಾಗಿಲ್ಲ. ಸ್ವಯಂಚಾಲಿತವಾಗಿ ತುಂಬಿಕೊಳ್ಳುವ ಪಿಸ್ತೂಲು ಕೈಕೊಟ್ಟಾಗ ನಾನು ಸಂಶಯಪಡುವ ಮೊದಲ ವಸ್ತು ಅದು. ತೋಟೆಯನ್ನು ಹಿಡಿದಿಡುವ ಮೇಲಿನ ಎರಡು ತುಟಿಗಳು ಸಮಾನಾಂತರವಾಗಿರಬೇಕು, ಬಿರುಕು ಇರಬಾರದು. ಒಳಗಿನ ತಟ್ಟೆಯನ್ನು ಒತ್ತಿಬಿಟ್ಟರೆ ಎಲ್ಲೂ ತಡೆಯದೆ ಮೇಲೆ ಚಿಮ್ಮಬೇಕು. ಕೊನೆಯ ತೋಟೆ ಮುಗಿದಾಗ ಸ್ಲೈಡ್ ಹಿಂದೆ ನಿಲ್ಲುವ ಮಾಡೆಲ್ ಆದರೆ ನಿಲ್ಲುತ್ತದೆಯೇ ನೋಡಿ. ಅಸಲಿ ಮ್ಯಾಗಜೀನ್ ಕನಿಷ್ಠ ಎರಡು ಇಲ್ಲದ ಪಿಸ್ತೂಲನ್ನು ಕೊಳ್ಳಬೇಡಿ. ಸ್ಥಳೀಯವಾಗಿ ತಗಡು ಬಗ್ಗಿಸಿ ಮಾಡಿದ್ದು ನಂಬಿಕೆಗೆ ಅರ್ಹವಲ್ಲ.

ಮುಂದೆ ಸೇಫ್ಟಿ, ಅಂದರೆ ಗುಂಡು ಅಚಾನಕ್ಕಾಗಿ ಹಾರದಂತೆ ತಡೆಯುವ ಕೀಲು. ಪಿಸ್ತೂಲು ಖಾಲಿ ಎಂದು ಮತ್ತೊಮ್ಮೆ ನೋಡಿಕೊಂಡು, ದಪ್ಪ ಗೋಡೆಯ ಕಡೆಗೆ ನಳಿಗೆ ಹಿಡಿದು ಮಾಡಬೇಕಾದ ಪರೀಕ್ಷೆ ಇದು. ಹಿಂಬದಿಯ ಸುತ್ತಿಗೆಯಂಥ ಹ್ಯಾಮರ್ ಏರಿಸಿ, ಸೇಫ್ಟಿ ಹಾಕಿ, ಕುದುರೆಯನ್ನು ಗಟ್ಟಿಯಾಗಿ ಎಳೆಯಿರಿ, ಬಿಡಿ. ಈಗ ಕುದುರೆ ಮುಟ್ಟದೆ ಸೇಫ್ಟಿ ತೆಗೆಯಿರಿ. ಹ್ಯಾಮರ್ ಕದಲಬಾರದು. ಆ .45 ಕೋಲ್ಟಿನಲ್ಲಿ, ಅಂದರೆ 1911 ಮಾದರಿಯಲ್ಲಿ, ಹಿಡಿಯ ಹಿಂದೆಯೂ ಒಂದು ಸೇಫ್ಟಿ ಉಂಟು, ಅಂಗೈ ಅದನ್ನು ಒತ್ತದೆ ಕುದುರೆ ಎಳೆದರೆ ಹ್ಯಾಮರ್ ಬೀಳಬಾರದು. ಸ್ಲೈಡನ್ನು ಅರ್ಧ ಬೆರಳಿನಷ್ಟು ಹಿಂದೆ ಹಿಡಿದು ಕುದುರೆ ಎಳೆದರೂ ಬೀಳಬಾರದು. ಸ್ಲೈಡ್ ಹಿಂದಿನಿಂದ ಮುಂದಕ್ಕೆ ಹೋಗುವಾಗ ಹ್ಯಾಮರ್ ಅದರ ಜೊತೆಗೇ ಕೆಳಗಿಳಿದರೆ ಒಳಗಿನ ಹಲ್ಲು ಸವೆದಿದೆ, ಇಲ್ಲವೇ ಯಾರೋ ಕುದುರೆ ಹಗುರ ಮಾಡಲು ಅರ ಹಾಕಿದ್ದಾರೆ. ಅಂಥದ್ದು ಒಂದೇ ಎಳೆತಕ್ಕೆ ಎರಡು ಮೂರು ಗುಂಡು ಹಾರಿಸಿಬಿಡಬಹುದು. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಡಮ್ಮಿ ತೋಟೆ ತುಂಬಿ ಕೈಯಲ್ಲೇ ಸ್ಲೈಡ್ ಎಳೆದು ಬಿಡಿ. ಒಂದೊಂದೂ ಒಳಗೆ ಹೋಗಿ, ಹೊರಗೆ ಚಿಮ್ಮಬೇಕು. ಚಿಮ್ಮದೆ ಕೋಶ ಹೊರಬೀಳುವ ಬಾಗಿಲಲ್ಲೇ ನಿಂತರೆ, ಅದನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರಿನ ಉಗುರು ಸವೆದಿರಬಹುದು. .32ರಲ್ಲಿ ಬರೀ ಸ್ಪ್ರಿಂಗಿನ ಬಲ ಮತ್ತು ಸ್ಲೈಡಿನ ತೂಕ ಚೇಂಬರಿನ ಹಿಂಬಾಗಿಲು ಮುಚ್ಚಿಡುತ್ತವೆ. .45ರಲ್ಲಿ ನಳಿಗೆ ಸ್ಲೈಡಿಗೆ ಬೀಗ ಹಾಕಿಕೊಂಡು ಸ್ವಲ್ಪ ದೂರ ಹಿಂದೆ ಸರಿದು ಆಮೇಲೆ ಬಿಡುತ್ತದೆ. ಎರಡರಲ್ಲೂ ಸ್ಪ್ರಿಂಗ್ ಸೋತರೆ ಪಿಸ್ತೂಲಿನ ಮೈಗೇ ಪೆಟ್ಟು. ಸ್ಪ್ರಿಂಗ್ ಹೆಚ್ಚು ಬೆಲೆಯ ವಸ್ತು ಅಲ್ಲ. ಹೊಸದು ಸಿಗುವ ಮಾಡೆಲ್ಲೇ ಆರಿಸಿ, ಕೊಂಡ ಕೂಡಲೇ ಬದಲಾಯಿಸಿ.

ಹಾರಿಸಿ ನೋಡುವುದು

ಮೇಜಿನ ಮೇಲೆ ಪಾಸಾದದ್ದು ರೇಂಜಿನಲ್ಲಿ ಫೇಲ್ ಆಗಬಹುದು. ಮಾನ್ಯತೆ ಪಡೆದ ರೇಂಜಿನಲ್ಲಿ, ಮಾರುವವರು ತಮ್ಮ ಲೈಸೆನ್ಸಿನ ಮೇಲೆ ಹಾರಿಸಲಿ, ನೀವು ನಿಂತು ನೋಡಿ. ತೋಟದ ಮೂಲೆಯಲ್ಲಿ, ಸಮುದ್ರದ ಕಡೆಗೆ, ಕಲ್ಲುಕೋರೆಯಲ್ಲಿ ಹಾರಿಸಿ ನೋಡುವುದು ಬೇಡವೇ ಬೇಡ. ಎರಡೂ ಮ್ಯಾಗಜೀನಿನಿಂದ ಸೇರಿ ಕನಿಷ್ಠ 50 ಹೊಸ ತೋಟೆ ಹಾರಬೇಕು ಎಂಬುದು ನನ್ನ ಲೆಕ್ಕ. ಒಮ್ಮೆ ತಡೆದರೆ ಯಾವ ಮ್ಯಾಗಜೀನಿನಲ್ಲಿ, ಎಷ್ಟನೆಯ ತೋಟೆಗೆ ಎಂದು ಬರೆದುಕೊಳ್ಳಿ. ಅದೇ ಮ್ಯಾಗಜೀನಿನಲ್ಲಿ ಮತ್ತೆ ಆದರೆ ತಪ್ಪು ಮ್ಯಾಗಜೀನಿನದು. ಎರಡರಲ್ಲೂ ಆದರೆ ಪಿಸ್ತೂಲಿನದು ಅಥವಾ ತೋಟೆಯದು. ಕೆಲವೊಮ್ಮೆ ತಪ್ಪು ಹಾರಿಸುವ ಕೈಯದೂ ಇರಬಹುದು: ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡಿಗೆ ಹಿಂದಕ್ಕೆ ಪೂರ್ತಿ ಓಡಲು ಆಧಾರ ಸಿಗುವುದಿಲ್ಲ, ಕೋಶ ಹೊಗೆಕೊಳವೆಯ ಹಾಗೆ ಬಾಗಿಲಲ್ಲಿ ನೆಟ್ಟಗೆ ನಿಲ್ಲುತ್ತದೆ. ಹಾರಿದ ಕೋಶಗಳನ್ನು ಹೆಕ್ಕಿ ನೋಡಿ. ಬುಡ ಉಬ್ಬಿರಬಾರದು, ತೋಟೆಯ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ನಿನ ಗುರುತು ನಡುವಿಗೆ ಹತ್ತಿರ ಇರಬೇಕು.

ಹೊಸಬರು ಕೊಳ್ಳುವ ಮೊದಲೇ ತರಬೇತಿ ಮುಗಿಸುವುದು ಒಳ್ಳೆಯದು. ಜಿಲ್ಲಾ ಸಶಸ್ತ್ರ ಪಡೆಯವರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು, ಠಾಣೆಯಲ್ಲಿ ವಿಚಾರಿಸಿ. 2016ರ ಶಸ್ತ್ರಾಸ್ತ್ರ ನಿಯಮಗಳೂ ಸುರಕ್ಷತಾ ತರಬೇತಿಯ ಬಗ್ಗೆ ಹೇಳುತ್ತವೆ. ಪೇಟೆಯ ಕಾರ್ಯಾಲಯದಲ್ಲಿ ಸಿಕ್ಕಿದ ಸರ್ಟಿಫಿಕೇಟಿಗಿಂತ ಕೈಗೆ ಆಗುವ ಅಭ್ಯಾಸ ದೊಡ್ಡದು.

ಕರಾವಳಿಯಲ್ಲಿ ಅದನ್ನು ಉಳಿಸಿಕೊಳ್ಳುವುದು

ಉಡುಪಿಯ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ. ಅಂಥಲ್ಲಿ ಚರ್ಮದ ಹೋಲ್‌ಸ್ಟರಿನಲ್ಲಿ ಪಿಸ್ತೂಲು ಇಟ್ಟು ಬೀಗ ಹಾಕಿದರೆ ದೀಪಾವಳಿಗೆ ತೆಗೆಯುವಾಗ ಹೋಲ್‌ಸ್ಟರ್ ತಾಗಿದ ಕಡೆಯೆಲ್ಲ ಕೆಂಪಗಾಗಿರುತ್ತದೆ. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ಉಪ್ಪೂ ಅದರಲ್ಲಿರುತ್ತದೆ. ಹೋಲ್‌ಸ್ಟರ್ ಸಾಗಿಸಲು, ಇಡಲು ಅಲ್ಲ. ಎಣ್ಣೆ ತೆಳುವಾಗಿ ಹಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಚೀಲದ ಜೊತೆ ಬೀಗದ ಪೆಟ್ಟಿಗೆಯಲ್ಲಿಡಿ. ತೋಟೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇರಲಿ. ಮಕ್ಕಳಿರುವ ಮನೆಯಲ್ಲಿ ಬೀಗದ ಕೈ ಗೋದ್ರೆಜಿನ ಮೇಲೆ ಇಡುವ ಅಭ್ಯಾಸ ಬಿಡಿ, ಅವರಿಗೆ ಅದು ಗೊತ್ತಿರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒರೆಸಿ.

ತೆಂಗಿನೆಣ್ಣೆ ಹಾಕಬೇಡಿ. ನಾವು ಬಾಗಿಲ ತಿರುಗಣೆಗೂ ಅದನ್ನೇ ಹಾಕುವವರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಏಸಿ ಕೋಣೆ ಸಾಕು, ಡಿಸೆಂಬರ್ ಬೆಳಗ್ಗೆಯೂ ಸಾಕು. ಹಳತಾದರೆ ಅಂಟಾಗಿ ಫೈರಿಂಗ್ ಪಿನ್ನಿನ ದಾರಿಯನ್ನೇ ಮುಚ್ಚುತ್ತದೆ. ಗನ್ ಆಯಿಲ್ ಬಳಸಿ, ಅದೂ ತೆಳುವಾಗಿ.

ಆಯುಧ ಪೂಜೆಯ ದಿನ ಪಿಸ್ತೂಲಿಗೂ ಗಂಧ, ಕುಂಕುಮ, ಹೂವು ಇಡುತ್ತೇವೆ. ಇಡಿ, ನಾನೂ ಇಡುತ್ತೇನೆ. ಖಾಲಿ ಮಾಡಿ ಇಡಿ, ರಾತ್ರಿ ಮಲಗುವ ಮೊದಲು ಒರೆಸಿ. ಒದ್ದೆ ಗಂಧದ ಬೊಟ್ಟು ಒಂದು ವಾರ ಸ್ಲೈಡಿನ ಮೇಲೆ ಉಳಿದರೆ ಬೆರಳಿನ ಅಚ್ಚು ಹಾಗೇ ತುಕ್ಕಿನಲ್ಲಿ ಮೂಡುತ್ತದೆ. ಆ ದಿನವಾಗಲಿ ಮದುವೆ ಮನೆಯಲ್ಲಾಗಲಿ ಖುಷಿಗೆ ಗಾಳಿಯಲ್ಲಿ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕೊನೆಯದಾಗಿ ಚುನಾವಣೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಚುನಾವಣೆ ಘೋಷಣೆಯಾದರೆ ಆಯುಧ ಠಾಣೆಯಲ್ಲೋ ಅಧಿಕೃತ ಡೀಲರ್ ಬಳಿಯೋ ಠೇವಣಿ ಇಡಲು ಆದೇಶ ಬರುತ್ತದೆ. ವಿನಾಯಿತಿ ಬೇಕಾದವರು ಸ್ಕ್ರೀನಿಂಗ್ ಸಮಿತಿಗೆ ಅರ್ಜಿ ಕೊಡಬೇಕು. ನನ್ನದನ್ನು ಒಮ್ಮೆ ಹಾಗೆ ಇಟ್ಟು, ಎರಡು ತಿಂಗಳ ನಂತರ ತರುವಾಗ ಸುತ್ತಿದ್ದ ಹತ್ತಿ ಬಟ್ಟೆ ಒದ್ದೆಯಾಗಿ ಸ್ಲೈಡಿಗೆ ಅಂಟಿತ್ತು. ಬಟ್ಟೆಯ ನೂಲಿನ ಎಳೆ ಎಳೆಯೂ ಉಕ್ಕಿನ ಮೇಲೆ ಕಂದು ಗೆರೆಯಾಗಿ ಅಚ್ಚೊತ್ತಿತ್ತು. ಅದನ್ನು ತಿಕ್ಕಿ ತೆಗೆಯಲು ನನಗೆ ಮೂರು ಸಂಜೆ ಬೇಕಾಯಿತು. ಈಗ ನಾನು ಮಾಡುವುದು ಹೀಗೆ: ಗ್ರೀಸ್ ತೆಳುವಾಗಿ ಹಚ್ಚಿ, ಎಣ್ಣೆ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಹಾಕಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚುತ್ತೇನೆ. ಒಳಗೊಂದು ಚೀಟಿಯಲ್ಲಿ ಲೈಸೆನ್ಸ್ ನಂಬರ್, ಪಿಸ್ತೂಲಿನ ನಂಬರ್, ಮ್ಯಾಗಜೀನ್ ಎಷ್ಟು ಎಂದು ಬರೆದು, ಅದೇ ವಿವರ ರಸೀದಿಯಲ್ಲೂ ಬರೆಸಿಕೊಳ್ಳುತ್ತೇನೆ. ತರುವ ದಿನ ಅಲ್ಲೇ ಡಬ್ಬಿ ತೆರೆದು ನಂಬರ್ ಓದಿ, ನಳಿಗೆ ನೋಡಿ, ಆಮೇಲೆ ರಿಜಿಸ್ಟರಿಗೆ ಸಹಿ ಹಾಕುತ್ತೇನೆ.

ಬ್ರಹ್ಮಾವರದವರು ಆ .45 ಬಿಟ್ಟು, ಎರಡು ತಿಂಗಳು ಕಾದು, ಹೊಸ .32 ತಂದರು. ಮೊದಲ 50 ತೋಟೆಯಲ್ಲಿ ಒಂದು ಸಿಕ್ಕಿಕೊಂಡಿತು, ಎರಡನೇ ಮ್ಯಾಗಜೀನಿನ ಮೂರನೆಯದು. ಅಂಚು ಹಿಂದೆ ಮುಂದೆ ಆಗಿತ್ತು. ಈಗ ತುಂಬುವಾಗ ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿ ತುಂಬುತ್ತಾರೆ.